ಮೊದಲು ತೆರೆಕಂಡ ಸಿನಿಮಾ ಕಾಣೆಯಾಗದಿರಲಿ

ಮಾನ್ಯ ಸಂಪಾದಕರೇ,

ಹಳೆಯ ಚಿತ್ರಗಳ ಮರುಬಿಡುಗಡೆಯ ಸುದ್ದಿಗಳು ಈಚಿನ ವರ್ಷಗಳಲ್ಲಿ ತಮ್ಮ ಪತ್ರಿಕೆಯಲ್ಲಿ ಮೇಲಿಂದ ಮೇಲೆ ಬರುತ್ತಿವೆ. ರಾಯಚೂರು, ಕೊಪ್ಪಳ, ಬಳ್ಳಾರಿಯ ಚಿತ್ರಮಂದಿರಗಳಿಗೂ ಆ ಚಿತ್ರಗಳು ಬರುತ್ತವೆ. ತಮ್ಮ ತಂದೆ-ತಾಯಿ ನೋಡಿದ ಸಿನಿಮಾವನ್ನು ಇಂದಿನ ಹುಡುಗರು ಶಿಳ್ಳೆ ಹೊಡೆದು ನೋಡುವುದು ನನಗೆ ಸಂತೋಷದ ಸಂಗತಿಯೇ ಆಗಿದೆ. ಆದರೆ ಹೊಸ ಬಣ್ಣ, ಹೊಸ ಧ್ವನಿ, ಹೊಸ ಅಳತೆ ಎಂದು ಭಿತ್ತಿಪತ್ರದಲ್ಲಿ ದೊಡ್ಡ ಅಕ್ಷರದಲ್ಲಿ ಹೇಳುವವರು, ಮೊದಲು ತೆರೆಗೆ ಬಂದ ಪ್ರತಿ ಈಗ ಎಲ್ಲಿದೆ, ಅದು ಯಾವ ಸ್ಥಿತಿಯಲ್ಲಿದೆ, ಬೇಕೆಂದವರಿಗೆ ಸಿಗುತ್ತದೆಯೇ ಎಂಬುದನ್ನು ಹೇಳುವುದಿಲ್ಲ. ಚಿತ್ರವನ್ನು ತಿದ್ದುವ ಹಕ್ಕು ಅದನ್ನು ಮಾಡಿದವರಿಗೆ ಇರಬಹುದು, ಆದರೆ ಜನ ಒಮ್ಮೆ ನೋಡಿದ ರೂಪವನ್ನು ಇಲ್ಲವಾಗಿಸುವ ಹಕ್ಕು ಯಾರಿಗೂ ಇಲ್ಲ ಎಂಬ ನನ್ನ ಅಭಿಪ್ರಾಯವನ್ನು ಓದುಗರ ಮುಂದಿಡಲು ಈ ಪತ್ರ ಬರೆಯುತ್ತಿದ್ದೇನೆ.

ಈ ವಿಷಯದಲ್ಲಿ ಜಗತ್ತಿನಲ್ಲೇ ಅತಿ ಹೆಚ್ಚು ಚರ್ಚೆಗೆ ಒಳಗಾದದ್ದು ಅಮೆರಿಕದ ನಿರ್ದೇಶಕ ಜಾರ್ಜ್ ಲ್ಯೂಕಾಸ್ ಅವರ ಬಾಹ್ಯಾಕಾಶ ಸಾಹಸದ ಚಿತ್ರ ‘ಸ್ಟಾರ್ ವಾರ್ಸ್’. 1977ರ ಮೇ 25ರಂದು ಅಮೆರಿಕದಲ್ಲಿ ಬಿಡುಗಡೆಯಾದ ಆ ಚಿತ್ರಕ್ಕೆ ಮರುಬಿಡುಗಡೆಯ ಹೊತ್ತಿಗೆ, ಅಂದರೆ 1981ರಲ್ಲಿ, ಶೀರ್ಷಿಕೆಯ ಕೆಳಗೆ ಹೊಸ ಉಪಶೀರ್ಷಿಕೆ ಸೇರಿತು. ನಿಜವಾದ ತಿದ್ದುಪಡಿ ಬಂದದ್ದು 1997ರಲ್ಲಿ. ಇಪ್ಪತ್ತು ವರ್ಷ ತುಂಬಿದ ನೆಪದಲ್ಲಿ ಕಂಪ್ಯೂಟರ್‌ನಲ್ಲಿ ರಚಿಸಿದ ಪ್ರಾಣಿಗಳು, ಕಟ್ಟಡಗಳು, ಹೊಸದಾಗಿ ಸೇರಿಸಿದ ದೃಶ್ಯಗಳು ಚಿತ್ರದೊಳಗೆ ಬಂದವು. ಪ್ರಿಂಟುಗಳಿಗೆಲ್ಲ ಆಧಾರವಾದ ಮೂಲ ನೆಗೆಟಿವ್‌ನಲ್ಲೇ ಹಳೆಯ ತುಣುಕುಗಳನ್ನು ತೆಗೆದು ಹೊಸವನ್ನು ಅಂಟಿಸಲಾಯಿತು. ಮದ್ಯದಂಗಡಿಯ ದೃಶ್ಯದಲ್ಲಿ ಹ್ಯಾನ್ ಸೋಲೊ ಎಂಬ ಪಾತ್ರ ತನ್ನನ್ನು ಹಿಡಿಯಲು ಬಂದ ಗ್ರೀಡೊನ ಮೇಲೆ ತಾನೇ ಗುಂಡು ಹಾರಿಸುವುದನ್ನು 1977ರ ಪ್ರೇಕ್ಷಕರು ನೋಡಿದ್ದರು. 1997ರಲ್ಲಿ ಮೊದಲು ಗ್ರೀಡೊ ಹಾರಿಸಿ ಗುರಿ ತಪ್ಪುವಂತಾಯಿತು, 2004ರ ಡಿವಿಡಿಯಲ್ಲಿ ಇಬ್ಬರೂ ಹೆಚ್ಚುಕಡಿಮೆ ಒಟ್ಟಿಗೇ ಹಾರಿಸುವಂತಾಯಿತು, 2019ರಲ್ಲಿ ಅದೇ ದೃಶ್ಯ ಮತ್ತೊಮ್ಮೆ ಬದಲಾಯಿತು. ಕ್ಷಣಮಾತ್ರದ ದೃಶ್ಯಕ್ಕೆ ಇಷ್ಟು ಗದ್ದಲವೇಕೆ ಎಂದು ಕೆಲವರು ಕೇಳಬಹುದು. ಸ್ವಾರ್ಥಿಯಾಗಿ ಕಾಣಿಸಿಕೊಂಡ ಮನುಷ್ಯನೊಬ್ಬ ಕೊನೆಗೆ ಸ್ನೇಹಿತರಿಗಾಗಿ ಮರಳಿ ಬರುವುದೇ ಆ ಪಾತ್ರದ ಬೆಳವಣಿಗೆ. ಆರಂಭದಲ್ಲೇ ಅವನನ್ನು ಸಾಧುವಾಗಿಸಿದರೆ ಕೊನೆಯ ಬದಲಾವಣೆಯ ತೂಕ ತಗ್ಗುತ್ತದೆ ಎಂಬ ಅಭಿಮಾನಿಗಳ ವಾದ ನನಗೆ ಸರಿಯೆನಿಸಿದೆ.

ನನ್ನನ್ನು ಹೆಚ್ಚು ಕಾಡಿದ್ದು ಬೇರೊಂದು ತಿದ್ದುಪಡಿ. ಈ ಸರಣಿಯ 1983ರ ಚಿತ್ರದ ಕೊನೆಯಲ್ಲಿ ಆತ್ಮರೂಪದಲ್ಲಿ ಕಾಣಿಸಿಕೊಳ್ಳುವ ನಾಯಕನ ತಂದೆಯ ಪಾತ್ರವನ್ನು ಬ್ರಿಟಿಷ್ ನಟ ಸೆಬಾಸ್ಟಿಯನ್ ಶಾ ಅಭಿನಯಿಸಿದ್ದರು. ಅವರು 1994ರಲ್ಲಿ ತೀರಿಕೊಂಡರು. ಹತ್ತು ವರ್ಷದ ಬಳಿಕ ಬಂದ 2004ರ ಆವೃತ್ತಿಯಲ್ಲಿ ಆ ದೃಶ್ಯದಿಂದ ಅವರನ್ನು ತೆಗೆದು, ಮುಂದಿನ ಚಿತ್ರಗಳಲ್ಲಿ ಅದೇ ಪಾತ್ರ ಮಾಡಿದ್ದ ಯುವನಟ ಹೇಡನ್ ಕ್ರಿಸ್ಟೆನ್ಸನ್ ಅವರನ್ನು ಕೂರಿಸಲಾಯಿತು. ತೀರಿಹೋದ ಕಲಾವಿದರೊಬ್ಬರು ಮಾಡಿ ಮುಗಿಸಿದ್ದ ಕೆಲಸವನ್ನು ಅವರು ಮಾತಾಡಲಾರದ ಹೊತ್ತಿನಲ್ಲಿ ಅಳಿಸುವುದು ನ್ಯಾಯವೆಂದು ನನಗೆ ಅನ್ನಿಸುವುದಿಲ್ಲ. 1977ರ ಚಿತ್ರಕ್ಕೆ ಆಸ್ಕರ್ ಬಂದದ್ದರಲ್ಲಿ ಸಂಕಲನವೂ ಇತ್ತು, ದೃಶ್ಯಪರಿಣಾಮವೂ ಇತ್ತು. ಮಾದರಿ ನೌಕೆಗಳನ್ನು ಕೈಯಾರೆ ಕಟ್ಟಿ, ಅವುಗಳ ಮುಂದೆ ಕ್ಯಾಮೆರಾ ಓಡಿಸಿ ಆ ಪ್ರಶಸ್ತಿ ಗಳಿಸಿದವರ ಕೆಲಸದ ಎಷ್ಟೋ ಭಾಗವನ್ನು ಕಂಪ್ಯೂಟರ್ ಚಿತ್ರಗಳಿಂದ ಮುಚ್ಚಿದ ಮೇಲೆ, ಪ್ರಶಸ್ತಿ ಯಾವುದಕ್ಕೆ ಬಂತೆಂದು ಇಂದಿನ ವಿದ್ಯಾರ್ಥಿ ತಿಳಿಯುವುದಾದರೂ ಹೇಗೆ? ನಿರ್ದೇಶಕರು ಎಷ್ಟೇ ದೊಡ್ಡವರಿದ್ದರೂ ಸಿನಿಮಾ ಒಬ್ಬರ ಕೈಕೆಲಸವಲ್ಲ.

ಇದೇ ಲ್ಯೂಕಾಸ್ 1988ರಲ್ಲಿ ಅಮೆರಿಕದ ಸಂಸತ್ತಿನ ಮುಂದೆ ಹಾಜರಾಗಿ, ಕಪ್ಪು-ಬಿಳುಪು ಚಿತ್ರಗಳಿಗೆ ಬಣ್ಣ ಹಚ್ಚುವ ಕಂಪನಿಗಳ ವಿರುದ್ಧ ಮಾತಾಡಿದ್ದರು. ಲಾಭಕ್ಕಾಗಿ ಅಥವಾ ಅಧಿಕಾರ ತೋರಿಸಲು ಕಲಾಕೃತಿಗಳನ್ನು ಬದಲಿಸುವವರನ್ನು, ನಾಶಮಾಡುವವರನ್ನು ಅನಾಗರಿಕರೆಂದು ಕಟುವಾಗಿಯೇ ಕರೆದಿದ್ದರು. ಆ ಮಾತು ಅಂದೂ ಸರಿ, ಇಂದೂ ಸರಿ. ಮರುವರ್ಷ ಅಮೆರಿಕದ ರಾಷ್ಟ್ರೀಯ ಚಲನಚಿತ್ರ ಪಟ್ಟಿಗೆ ಸೇರಿದ ಮೊದಲ 25 ಚಿತ್ರಗಳಲ್ಲಿ ‘ಸ್ಟಾರ್ ವಾರ್ಸ್’ ಕೂಡ ಇತ್ತು. ಹೀಗಿದ್ದೂ 1997ರ ತಿದ್ದುಪಡಿಯ ಬಳಿಕ 1977ರ ರೂಪ ಕೊಳ್ಳುವವರಿಗೆ ಸಿಕ್ಕಿದ್ದು 2006ರ ಡಿವಿಡಿಯಲ್ಲಿ ಹೆಚ್ಚುವರಿ ತಟ್ಟೆಯಾಗಿ. ಅದೂ 1993ರ ಲೇಸರ್ ಡಿಸ್ಕಿಗೆಂದು ತಯಾರಿಸಿದ್ದ ಹಳೆಯ ಪ್ರತಿಯಿಂದ, ಅಂದಿನ ಟಿವಿಗಳಿಗೂ ಸಾಲದ ಗುಣಮಟ್ಟದಲ್ಲಿ.

ಚಿತ್ರದ ಹಕ್ಕು ಹೊಂದಿದ ಸಂಸ್ಥೆ ಮಾಡದೆ ಬಿಟ್ಟ ಕೆಲಸವನ್ನು ಅಭಿಮಾನಿಗಳು ಕೈಗೆತ್ತಿಕೊಂಡರು. ಜೆಕ್ ದೇಶದ ಒಬ್ಬ ಅಭಿಮಾನಿ, ಸಿಕ್ಕ ಎಲ್ಲ ಮೂಲಗಳಿಂದ ತುಣುಕುಗಳನ್ನು ಆರಿಸಿ, ಬ್ಲೂ-ರೇ ಪ್ರತಿಯಲ್ಲಿನ ಒಂದೊಂದು ತಿದ್ದುಪಡಿಯನ್ನೂ ಹಿಂದಕ್ಕೆ ತಿದ್ದಿ, 1977ರ ರೂಪಕ್ಕೆ ಹತ್ತಿರವಾದ ಪ್ರತಿಯೊಂದನ್ನು ವರ್ಷಗಟ್ಟಲೆ ಕೂತು ಕಟ್ಟಿದರು. ಇನ್ನೊಂದು ತಂಡ ಬೇರೆ ದಾರಿ ಹಿಡಿಯಿತು. ಚಿತ್ರಮಂದಿರಗಳಲ್ಲಿ ಓಡಿದ್ದ 35 ಎಂಎಂ ಪ್ರಿಂಟನ್ನೇ ಸಂಪಾದಿಸಿ, ಒಂದೊಂದು ಫ್ರೇಮನ್ನೂ 4ಕೆ ಎಂಬ ಅತಿ ಸೂಕ್ಷ್ಮ ಅಳತೆಯಲ್ಲಿ ಸ್ಕ್ಯಾನ್ ಮಾಡಿದರು. ಈ ಯೋಜನೆಯ ಹೆಸರು ‘4ಕೆ77’. ಸೆಕೆಂಡಿಗೆ 24 ಫ್ರೇಮಿನಂತೆ ಎರಡು ಗಂಟೆಯ ಒಂದು ಚಿತ್ರದಲ್ಲಿ 1,72,800 ಫ್ರೇಮುಗಳಿರುತ್ತವೆ; ಧೂಳು, ಗೀರು, ಅಂಟಿಸಿದ ಗುರುತು ಇವನ್ನೆಲ್ಲ ನೋಡಿ ನೋಡಿ ಸರಿಪಡಿಸುವುದೆಂದರೆ ಎಷ್ಟು ತಾಳ್ಮೆ ಬೇಕೆಂದು ಓದುಗರೇ ಊಹಿಸಿಕೊಳ್ಳಬಹುದು. 1977ರಲ್ಲಿ ಮೋನೊ, ಸ್ಟೀರಿಯೊ ಮತ್ತು 70 ಎಂಎಂ ಪ್ರಿಂಟುಗಳಿಗೆಂದು ಬೇರೆ ಬೇರೆ ಧ್ವನಿಮಿಶ್ರಣಗಳಿದ್ದವು. ಅಭಿಮಾನಿಗಳು ಅವನ್ನೂ ಬೇರೆ ಬೇರೆಯಾಗಿಯೇ ಹುಡುಕಿ ಕಾಪಾಡಿದರು. ಮೂಲವೆನ್ನುವುದೂ ಯಾವಾಗಲೂ ಒಂದೇ ಆಗಿರುವುದಿಲ್ಲವೆಂದು ಅವರ ಕೆಲಸದಿಂದಲೇ ನಾನು ತಿಳಿದುಕೊಂಡೆ.

ಇದು ಕಾನೂನಿಗೆ ವಿರುದ್ಧವಲ್ಲವೇ ಎಂಬ ಪ್ರಶ್ನೆ ಇದ್ದೇ ಇದೆ. ಹಕ್ಕುದಾರರ ಅನುಮತಿ ಇಲ್ಲದೆ ಪ್ರತಿ ಮಾಡಿ ಹಂಚುವುದು ಕಟ್ಟುನಿಟ್ಟಾಗಿ ನೋಡಿದರೆ ತಪ್ಪೇ. ಹಣಕ್ಕೆ ಮಾರಬಾರದು, ಅಧಿಕೃತ ಪ್ರತಿಯನ್ನು ಕೊಂಡವರು ಮಾತ್ರ ಇದನ್ನು ನೋಡಬೇಕು ಎಂದು ಆ ಅಭಿಮಾನಿಗಳು ತಾವೇ ಹಾಕಿಕೊಂಡ ನಿಯಮಕ್ಕೆ ಕಾನೂನಿನ ಬಲವಿಲ್ಲ. ಬಿಡುಗಡೆಯ ದಿನವೇ ಹೊಸ ಚಿತ್ರವನ್ನು ಕದ್ದು ಹರಿಯಬಿಡುವವರನ್ನು ನಾನು ಎಂದೂ ಸಮರ್ಥಿಸುವುದಿಲ್ಲ. ಆದರೆ ಯಾರೂ ಮಾರಲು ಸಿದ್ಧರಿಲ್ಲದ ವಸ್ತುವನ್ನು ಹಾಳಾಗದಂತೆ ಉಳಿಸಿದವರನ್ನು ಆ ಕಳ್ಳರ ಸಾಲಿನಲ್ಲಿ ನಿಲ್ಲಿಸುವುದು ಸಲ್ಲದು. ಮಾಲೀಕರೇ ಮೂಲ ಪ್ರತಿಯನ್ನು ಒಳ್ಳೆಯ ಗುಣಮಟ್ಟದಲ್ಲಿ ಬೆಲೆಗೆ ಕೊಟ್ಟಿದ್ದರೆ ಅಭಿಮಾನಿಗಳು ಈ ಇಕ್ಕಟ್ಟಿಗೆ ಸಿಕ್ಕುತ್ತಲೇ ಇರಲಿಲ್ಲ.

ಇಲ್ಲಿ ಕನ್ನಡಿಗರಾದ ನಾವು ಮರೆಯಬಾರದ ಸಂಗತಿಯೊಂದಿದೆ. ‘ಸ್ಟಾರ್ ವಾರ್ಸ್’ ಬಂದ 1977ರಲ್ಲೇ ಗಿರೀಶ ಕಾಸರವಳ್ಳಿ ಅವರ ‘ಘಟಶ್ರಾದ್ಧ’ವೂ ಬಂತು, ಅದಕ್ಕೆ ರಾಷ್ಟ್ರಪತಿಗಳ ಸ್ವರ್ಣಕಮಲ ದೊರೆಯಿತು. ಆ ಕಪ್ಪು-ಬಿಳುಪು ಚಿತ್ರವನ್ನು ಮುಂಬೈಯ ಫಿಲ್ಮ್ ಹೆರಿಟೇಜ್ ಫೌಂಡೇಶನ್ ಮತ್ತು ಮಾರ್ಟಿನ್ ಸ್ಕಾರ್ಸೆಸಿ ಅವರ ಫಿಲ್ಮ್ ಫೌಂಡೇಶನ್ ಸೇರಿ ಪುನರುಜ್ಜೀವನಗೊಳಿಸಿ, 2024ರಲ್ಲಿ ವೆನಿಸ್ ಚಿತ್ರೋತ್ಸವದಲ್ಲಿ ತೋರಿಸಿದವು. ಅದಕ್ಕೆ ಹಣ ಕೊಟ್ಟದ್ದು ಲ್ಯೂಕಾಸ್ ದಂಪತಿಯ ಪ್ರತಿಷ್ಠಾನ. ನಮ್ಮ ಭಾಷೆಯ ಒಂದು ಶ್ರೇಷ್ಠ ಚಿತ್ರ ತಾನು ಹುಟ್ಟಿದ ರೂಪದಲ್ಲೇ ಉಳಿಯಲು ಕಾರಣರಾದ ಅವರಿಗೆ ಕನ್ನಡಿಗರು ಕೃತಜ್ಞರಾಗಿರಬೇಕು. ‘ಘಟಶ್ರಾದ್ಧ’ಕ್ಕೆ ಯಾರೂ ಬಣ್ಣ ಹಚ್ಚಲಿಲ್ಲ, ದೃಶ್ಯ ಸೇರಿಸಲಿಲ್ಲ, ಎಸ್. ರಾಮಚಂದ್ರ ಅವರ ಛಾಯಾಗ್ರಹಣದ ಬೆಳಕು-ನೆರಳು ಇದ್ದಂತೆ ಇರಲೆಂದು ದುಡಿದರು. ಅದೇ ನ್ಯಾಯ ತಮ್ಮ ಸ್ವಂತ ಚಿತ್ರಕ್ಕೂ ಸಲ್ಲಬೇಕೆಂದು ಲ್ಯೂಕಾಸ್ ಅವರನ್ನು ಅಭಿಮಾನಿಗಳು ಕೇಳಿದರೆ ಅದು ಅತಿಯಾಸೆಯಲ್ಲ.

ನಮ್ಮಲ್ಲಿ ಇನ್ನೊಂದು ಬಗೆಯ ಕೆಲಸವೂ ನಡೆದಿದೆ. ಹುಣಸೂರು ಕೃಷ್ಣಮೂರ್ತಿಯವರ 1965ರ ‘ಸತ್ಯ ಹರಿಶ್ಚಂದ್ರ’ 2008ರಲ್ಲಿ ಬಣ್ಣದಲ್ಲಿ ಬಂತು. ದೊರೈ-ಭಗವಾನ್ ಜೋಡಿಯ 1971ರ ‘ಕಸ್ತೂರಿ ನಿವಾಸ’ 2014ರಲ್ಲಿ ಬಣ್ಣದಲ್ಲಿ ಬಂತು. ಅಣ್ಣಾವ್ರನ್ನು ದೊಡ್ಡ ತೆರೆಯ ಮೇಲೆ ಮತ್ತೆ ನೋಡಿದ ಜನರ ಸಂತೋಷವನ್ನು ನಾನು ಅಲ್ಲಗಳೆಯುವುದಿಲ್ಲ, ಬಣ್ಣ ಹಚ್ಚಿಸಿದವರು ಪ್ರೀತಿಯಿಂದಲೇ ಆ ಕೆಲಸ ಮಾಡಿದರು. ಆದರೆ ಕಪ್ಪು-ಬಿಳುಪಿಗೆಂದೇ ಬೆಳಕು ಜೋಡಿಸಿದ ಛಾಯಾಗ್ರಾಹಕರಿಗೆ ನಾಯಕನ ಕೋಟಿನ ಬಣ್ಣ ಯಾವುದೆಂಬ ಚಿಂತೆ ಇರಲಿಲ್ಲ. ಬೂದುಬಣ್ಣದ ಯಾವ ಛಾಯೆಯಲ್ಲಿ ಅದು ಕಾಣಬೇಕೆಂಬುದಷ್ಟೇ ಅವರ ಲೆಕ್ಕಾಚಾರ. ಬಣ್ಣದ ಪ್ರತಿ ಇರಲಿ, ಅದರ ಜೊತೆಗೆ ಅಷ್ಟೇ ಹಣ, ಅಷ್ಟೇ ಶ್ರದ್ಧೆ ವಹಿಸಿ ಕಪ್ಪು-ಬಿಳುಪಿನ ಪ್ರತಿಯನ್ನೂ ಶುಚಿಗೊಳಿಸಿ ತೆರೆಗೆ ತರಲಿ ಎನ್ನುವುದು ನನ್ನ ಕೋರಿಕೆ. ಇಂದು ಮನೆಯಲ್ಲಿ ಕೂತು ಹಳೆಯ ಕನ್ನಡ ಚಿತ್ರ ನೋಡಹೊರಟರೆ ಸಿಗುವುದು ಅನೇಕ ಬಾರಿ ಟಿವಿಗೆಂದು ಕತ್ತರಿಸಿದ, ಮೂಲೆಯಲ್ಲಿ ಚಾನೆಲ್ಲಿನ ಗುರುತು ಹೊತ್ತ ಪ್ರತಿ. ಚೌಕದ ಚಿತ್ರವನ್ನು ಅಗಲ ಪರದೆಗೆ ಹೊಂದಿಸುವ ಭರದಲ್ಲಿ ಮೇಲೆ ಕೆಳಗೆ ಕತ್ತರಿಸಿ, ನಿಂತವರ ತಲೆಯನ್ನೂ ನೃತ್ಯ ಮಾಡುವವರ ಪಾದವನ್ನೂ ಹಾರಿಸಿರುತ್ತಾರೆ. ನಮ್ಮ ಮೊದಲ ವಾಕ್ಚಿತ್ರ, 1934ರ ‘ಸತಿ ಸುಲೋಚನ’, ಇಂದು ಎಲ್ಲಿಯೂ ನೋಡಸಿಗುವುದಿಲ್ಲ ಎಂಬ ನೋವು ಇರುವ ನಾಡಿನಲ್ಲಿ ಉಳಿದ ಚಿತ್ರಗಳನ್ನು ಈ ರೀತಿ ನಡೆಸಿಕೊಳ್ಳಬಾರದು.

ತನ್ನ ಕೃತಿಯನ್ನು ತಿದ್ದಿಕೊಳ್ಳುವ ಸ್ವಾತಂತ್ರ್ಯ ಕಲಾವಿದನಿಗೆ ಬೇಡವೇ ಎಂದು ಕೇಳುವವರಿಗೆ, ಮೂರು ದಶಕಕ್ಕೂ ಮೀರಿ ಕನ್ನಡ ಪಾಠ ಹೇಳಿದ ನಾನು ನಮ್ಮ ಸಾಹಿತ್ಯದಿಂದಲೇ ಉತ್ತರ ಕೊಡಬಯಸುತ್ತೇನೆ. ಶರಣರ ವಚನಗಳನ್ನು ಸಂವಾದವಾಗಿ ಜೋಡಿಸಿದ ‘ಶೂನ್ಯಸಂಪಾದನೆ’ಯನ್ನು ಶಿವಗಣಪ್ರಸಾದಿ ಮಹದೇವಯ್ಯನವರು ಮೊದಲು ಸಂಕಲಿಸಿದರು. ಅನಂತರ ಹಲಗೆಯಾರ್ಯ, ಗುಮ್ಮಳಾಪುರದ ಸಿದ್ಧಲಿಂಗಯತಿ, ಗೂಳೂರು ಸಿದ್ಧವೀರಣಾರ್ಯ ಇವರು ತಮ್ಮ ತಮ್ಮ ನಂಬಿಕೆ, ಅಭಿರುಚಿಗೆ ತಕ್ಕಂತೆ ವಚನಗಳನ್ನು ಸೇರಿಸಿ, ಪ್ರಸಂಗಗಳನ್ನು ಬದಲಿಸಿ ಹೊಸದಾಗಿ ಸಂಪಾದಿಸಿದರು. ಸೊನ್ನಲಾಪುರದ ಸಿದ್ಧರಾಮರಿಗೆ ಇಷ್ಟಲಿಂಗ ದೀಕ್ಷೆಯಾಯಿತೇ ಎಂಬಂಥ ಮುಖ್ಯ ವಿಷಯದಲ್ಲೂ ಇವುಗಳ ಹೇಳಿಕೆ ಒಂದೇ ಆಗಿಲ್ಲ. ಕೊನೆಯ ಸಂಪಾದನೆಯೇ ಸಾಕೆಂದು ಮಠಗಳವರು ಹಿಂದಿನ ಓಲೆಗರಿಗಳನ್ನು ಹೊಳೆಗೆ ಬಿಟ್ಟಿದ್ದರೆ, ಒಂದು ಧಾರ್ಮಿಕ ಪರಂಪರೆ ಕಾಲದಿಂದ ಕಾಲಕ್ಕೆ ತನ್ನನ್ನು ತಾನು ಹೇಗೆ ತಿಳಿದುಕೊಂಡಿತು ಎಂಬುದನ್ನು ಇಂದು ಯಾವ ಸಂಶೋಧಕರೂ ಹೇಳಲಾಗುತ್ತಿರಲಿಲ್ಲ. ನಾಲ್ಕೂ ಉಳಿದವು, ಹಾಗಾಗಿ ತಿದ್ದಿದವರ ಸ್ವಾತಂತ್ರ್ಯಕ್ಕೂ ಧಕ್ಕೆಯಾಗಲಿಲ್ಲ, ಓದುವವರ ಹಕ್ಕಿಗೂ ಧಕ್ಕೆಯಾಗಲಿಲ್ಲ. ಓಲೆಗರಿಗೆ ಕೊಟ್ಟ ಮರ್ಯಾದೆಯನ್ನು ರೀಲಿಗೂ ಕೊಡಿ ಎಂದಷ್ಟೇ ನಾನು ಕೇಳುತ್ತಿರುವುದು.

ತಿದ್ದುಪಡಿಗಳೆಲ್ಲ ಒಂದೇ ಜಾತಿಯವಲ್ಲ ಎಂಬುದನ್ನೂ ಇಲ್ಲಿ ಒಪ್ಪಬೇಕು. ನಮ್ಮ ರಾಮನಗರದ ಬಂಡೆಗಳ ನಡುವೆ ಚಿತ್ರೀಕರಿಸಿದ ‘ಶೋಲೆ’ಯ ಕೊನೆಯಲ್ಲಿ ಠಾಕೂರ್ ಗಬ್ಬರ್‌ನನ್ನು ತುಳಿದು ಕೊಲ್ಲುವಂತೆ ನಿರ್ದೇಶಕ ರಮೇಶ್ ಸಿಪ್ಪಿ ಚಿತ್ರಿಸಿದ್ದರು, ತುರ್ತುಪರಿಸ್ಥಿತಿಯ ಕಾಲದ ಸೆನ್ಸಾರ್ ಮಂಡಳಿ ಒಪ್ಪದ್ದರಿಂದ ಪೊಲೀಸರು ಬಂದು ತಡೆಯುವಂತೆ ಬದಲಿಸಿ 1975ರ ಆಗಸ್ಟ್ 15ರಂದು ಬಿಡುಗಡೆ ಮಾಡಿದರು. ಐವತ್ತು ವರ್ಷ ತುಂಬಿದ 2025ರಲ್ಲಿ ನಿರ್ದೇಶಕರ ಮೂಲ ಅಂತ್ಯದೊಂದಿಗೆ ಪುನರುಜ್ಜೀವನಗೊಂಡ ಪ್ರತಿ ಇಟಲಿಯ ಬೊಲೋನಾ ನಗರದಲ್ಲಿ ತೆರೆಕಂಡಿತು. ಹೆದರಿಸಿ ಕಿತ್ತುಕೊಂಡದ್ದನ್ನು ಮರಳಿ ಪಡೆದ ಈ ಕೆಲಸ ಎಲ್ಲ ರೀತಿಯಿಂದಲೂ ಸ್ವಾಗತಾರ್ಹ. ಆದರೂ ಇಡೀ ದೇಶ ಐವತ್ತು ವರ್ಷ ನೋಡಿದ ಪೊಲೀಸರ ಅಂತ್ಯವೂ ಉಳಿಯಲೇಬೇಕು, ಏಕೆಂದರೆ ಆ ಕಾಲದ ಭಯಕ್ಕೆ ಅದೇ ಸಾಕ್ಷಿ. ಅದೇ 2025ರ ಆಗಸ್ಟ್‌ನಲ್ಲಿ ಇದಕ್ಕೆ ತದ್ವಿರುದ್ಧವಾದದ್ದೂ ನಡೆಯಿತು. 2013ರ ‘ರಾಂಝಣಾ’ ಚಿತ್ರದ ತಮಿಳು ರೂಪವನ್ನು, ಸಾಯುವ ನಾಯಕ ಬದುಕುವಂತೆ ಕೃತಕ ಬುದ್ಧಿಮತ್ತೆಯಿಂದ ಅಂತ್ಯ ಬದಲಿಸಿ ಹಕ್ಕುದಾರ ಸಂಸ್ಥೆ ಮರುಬಿಡುಗಡೆ ಮಾಡಿತು. ನಿರ್ದೇಶಕ ಆನಂದ್ ಎಲ್. ರೈ, ನಟ ಧನುಷ್ ಇಬ್ಬರೂ ಬಹಿರಂಗವಾಗಿ ವಿರೋಧಿಸಿದರೂ ಪ್ರದರ್ಶನ ನಿಲ್ಲಲಿಲ್ಲ. ನಮ್ಮ ಕೃತಿಸ್ವಾಮ್ಯ ಕಾಯ್ದೆ ಸಿನಿಮಾದ ಮಟ್ಟಿಗೆ ಕರ್ತೃವೆಂದು ಗುರುತಿಸುವುದು ನಿರ್ಮಾಪಕರನ್ನು. ಯಂತ್ರದಿಂದ ಮುಖ, ದನಿ, ಸಾವು-ಬದುಕು ಎಲ್ಲವನ್ನೂ ಬದಲಿಸಬಹುದಾದ ಈ ಕಾಲದಲ್ಲಿ ಮೊದಲ ಪ್ರತಿ ಸುರಕ್ಷಿತವಾಗಿ ಒಂದು ಕಡೆ ಇಲ್ಲದಿದ್ದರೆ, ಮುಂದಿನ ತಲೆಮಾರಿಗೆ ಯಾವುದು ನಿಜವೆಂದು ತೋರಿಸಲು ನಮ್ಮ ಬಳಿ ಏನೂ ಇರುವುದಿಲ್ಲ.

ಒಳ್ಳೆಯ ದಾರಿ ತೋರಿದವರೂ ಇದ್ದಾರೆ. ಸ್ಟೀವನ್ ಸ್ಪೀಲ್‌ಬರ್ಗ್ ತಮ್ಮ 1982ರ ‘ಇ.ಟಿ.’ಯ 2002ರ ಆವೃತ್ತಿಯಲ್ಲಿ ಪೊಲೀಸರ ಕೈಯ ಬಂದೂಕುಗಳನ್ನು ಅಳಿಸಿ ವಾಕಿಟಾಕಿಗಳನ್ನು ಕೂರಿಸಿದ್ದರು. ಆಮೇಲೆ ಹಾಗೆ ಮಾಡಬಾರದಿತ್ತೆಂದು ಹೇಳಿ, 2012ರ ಬ್ಲೂ-ರೇಯಲ್ಲಿ ಮೂಲ ರೂಪವನ್ನೇ ಕೊಟ್ಟರು. 1982ರ ‘ಬ್ಲೇಡ್ ರನ್ನರ್’ನ ಬೇರೆ ಬೇರೆ ರೂಪಗಳನ್ನು 2007ರಲ್ಲಿ ಒಂದೇ ಪೆಟ್ಟಿಗೆಯಲ್ಲಿಟ್ಟು ಮಾರಿದರು.

ಈಗ ನಮ್ಮ ಭಾಗದ ಮಾತಿಗೆ ಬರುತ್ತೇನೆ. ಡಿಜಿಟಲ್ ಪ್ರೊಜೆಕ್ಟರ್ ಬರುವವರೆಗೂ ನಮ್ಮ ಊರುಗಳಿಗೆ ಸಿನಿಮಾ ಬರುತ್ತಿದ್ದದ್ದು ತಗಡಿನ ಡಬ್ಬಿಗಳಲ್ಲಿ. ದೊಡ್ಡ ಊರುಗಳಲ್ಲಿ ಓಡಿ, ಆಮೇಲೆ ಸಿಂಧನೂರು, ಗಂಗಾವತಿ, ಸಿರುಗುಪ್ಪದಂಥ ಊರುಗಳಿಗೆ, ಕಡೆಗೆ ಜಾತ್ರೆಯ ಟೆಂಟುಗಳಿಗೆ ಬರುವ ಹೊತ್ತಿಗೆ ಪ್ರಿಂಟು ಎಷ್ಟೋ ಕಡೆ ಹರಿದಿರುತ್ತಿತ್ತು. ಹರಿದಲ್ಲಿ ಎರಡು ಫ್ರೇಮು ಕತ್ತರಿಸಿ, ಅಂಚನ್ನು ಬ್ಲೇಡಿನಿಂದ ಕೆರೆದು, ಫಿಲ್ಮ್ ಸಿಮೆಂಟು ಹಚ್ಚಿ ಆಪರೇಟರ್ ಜೋಡಿಸುತ್ತಿದ್ದರು. ಹೀಗೆ ಜೋಡಿಸುತ್ತ ಒಂದು ಹಾಡಿನ ಚರಣವೇ ಮಾಯವಾಗುವುದೂ ಇತ್ತು. ನೆನಪನ್ನೇ ಮೂಲವೆಂದು ನಂಬಲಾಗದು, ಒಳ್ಳೆಯ ಪ್ರಿಂಟೇ ಬೇಕು ಎಂದು ನಾನು ಒತ್ತಿ ಹೇಳುವುದು ಇದೇ ಕಾರಣಕ್ಕೆ. ಸಿಂಧನೂರು ಕಡೆಯ ನಿವೃತ್ತ ಆಪರೇಟರ್ ಒಬ್ಬರು ತಮ್ಮ ಮನೆಯ ಅಟ್ಟದಲ್ಲಿ ಉಳಿಸಿಕೊಂಡ ಡಬ್ಬಿಯೊಂದನ್ನು ನನ್ನೆದುರು ತೆರೆದರು. ಮುಚ್ಚಳ ಎತ್ತುತ್ತಲೇ ಹುಳಿದ್ರಾವಣದ ಘಾಟು ಮೂಗಿಗೆ ಬಡಿಯಿತು. ಅಂಚುಗಳು ಅಲೆಯಾಗಿ ಮುರುಟಿದ್ದವು. ಕಿಟಕಿಯ ಬೆಳಕಿಗೆ ಹಿಡಿದರೆ ಹಸಿರು ಸೀರೆ, ನೀಲಿ ಆಕಾಶ ಎಲ್ಲವೂ ಒಂದೇ ಗುಲಾಬಿಗೆಂಪು. ಅಂದಿನ ಬಣ್ಣದ ಫಿಲ್ಮಿನಲ್ಲಿ ಹಸಿರು-ನೀಲಿಯ ವರ್ಣದ್ರವ್ಯ ಎಲ್ಲಕ್ಕಿಂತ ಮೊದಲು ಅಳಿಯುತ್ತದೆ, ಆಮೇಲೆ ಕೆಂಪೊಂದೇ ಉಳಿಯುತ್ತದೆ. ಫಿಲ್ಮಿಗೆ ಆಧಾರವಾದ ಅಸಿಟೇಟ್ ಎಂಬ ಪ್ಲಾಸ್ಟಿಕ್ ಪಟ್ಟಿಯೂ ಒಳಗೊಳಗೇ ಕೊಳೆತು ಆ ಹುಳಿವಾಸನೆ ಬಿಡುತ್ತದೆ. ಶಾಖ ಹೆಚ್ಚಿದಷ್ಟೂ ಇವೆರಡೂ ಬೇಗ ನಡೆಯುತ್ತವೆ, ನಮ್ಮ ರಾಯಚೂರಿನ ಬೇಸಿಗೆಯೋ 40 ಡಿಗ್ರಿ ದಾಟುತ್ತದೆ. ‘4ಕೆ77’ ತಂಡಕ್ಕೆ ಸಿಕ್ಕಿದ್ದು ಬಣ್ಣ ಮಾಸದ ಟೆಕ್ನಿಕಲರ್ ಪ್ರಿಂಟು. ಅಂಥ ಅದೃಷ್ಟ ನಮ್ಮ ಚಿತ್ರಗಳಿಗಿಲ್ಲ.

ಆದ್ದರಿಂದ ತಮ್ಮ ಪತ್ರಿಕೆಯ ಮೂಲಕ ಸರ್ಕಾರಕ್ಕೂ ಕರ್ನಾಟಕ ಚಲನಚಿತ್ರ ಅಕಾಡೆಮಿಗೂ ನನ್ನ ವಿನಂತಿ ಇಷ್ಟು. ಕನ್ನಡ ಚಿತ್ರಗಳಿಗೆ ಸರ್ಕಾರ ಸಹಾಯಧನ ಕೊಡುತ್ತದೆ. ಅದನ್ನು ಪಡೆಯುವ ಪ್ರತಿ ಚಿತ್ರದ ಮೊದಲ ಬಿಡುಗಡೆಯ ಪ್ರತಿಯನ್ನು ಧ್ವನಿಸಹಿತ, ಪೂರ್ಣ ಗುಣಮಟ್ಟದಲ್ಲಿ ಅಕಾಡೆಮಿಗೆ ಒಪ್ಪಿಸಬೇಕೆಂಬ ಷರತ್ತು ಹಾಕಲಿ. ಹಳೆಯ ಚಿತ್ರವನ್ನು ಬದಲಿಸಿ ಮರುಬಿಡುಗಡೆ ಮಾಡುವವರು ಏನೇನು ಬದಲಿಸಿದ್ದೇವೆಂದು ಚಿತ್ರದ ಆರಂಭದಲ್ಲೇ ತೆರೆಯ ಮೇಲೆ ತಿಳಿಸಲಿ. ಪ್ರಕಾಶಕರು 1954ರ ಕಾಯ್ದೆಯಂತೆ ಪುಸ್ತಕದ ಪ್ರತಿಯನ್ನು ಕೋಲ್ಕತ್ತದ ರಾಷ್ಟ್ರೀಯ ಗ್ರಂಥಾಲಯಕ್ಕೆ ಕಳಿಸುವ ಪದ್ಧತಿ ಇರುವಾಗ ಇದೇನೂ ಹೊಸ ಹೊರೆಯಾಗುವುದಿಲ್ಲ. ಮದರಾಸಿನ ಲ್ಯಾಬುಗಳಲ್ಲಿ ತಯಾರಾದ ನಮ್ಮ ಚಿತ್ರಗಳ ನೆಗೆಟಿವ್‌ಗಳಲ್ಲಿ ಎಷ್ಟು ಉಳಿದಿವೆ, ಯಾರ ವಶದಲ್ಲಿವೆ ಎಂಬ ಪಟ್ಟಿಯೊಂದನ್ನು ತಯಾರಿಸಿ ಪ್ರಕಟಿಸಲಿ. ಅಭಿಮಾನಿಗಳ ಬಳಿ ಪ್ರಿಂಟು, ವಿಡಿಯೊ ಕ್ಯಾಸೆಟ್ಟು, ಧ್ವನಿಸುರುಳಿ ಇದ್ದರೆ ಎಲ್ಲಿಂದ ಬಂತೆಂದು ಗದರಿಸದೆ, ಅವರನ್ನು ಗೌರವದಿಂದ ಕರೆದು ಪ್ರತಿ ಮಾಡಿಕೊಳ್ಳುವ ವ್ಯವಸ್ಥೆ ಆಗಲಿ.

ಬಾಗಿಲು ಮುಚ್ಚಿದ ಟಾಕೀಸುಗಳನ್ನು ಕೆಡವಿ ಮಳಿಗೆ ಕಟ್ಟುವ ಕೆಲಸ ನಮ್ಮ ಮೂರೂ ಜಿಲ್ಲೆಗಳಲ್ಲಿ ನಡೆದಿದೆ. ಅವುಗಳ ಮಾಲೀಕರಲ್ಲಿ, ಹಳೆಯ ಹಂಚಿಕೆದಾರರಲ್ಲಿ, ಆಪರೇಟರ್‌ಗಳ ಮನೆಯವರಲ್ಲಿ ಕೈಮುಗಿದು ಕೇಳಿಕೊಳ್ಳುತ್ತೇನೆ. ಗೋದಾಮಿನಲ್ಲಾಗಲಿ ಅಟ್ಟದಲ್ಲಾಗಲಿ ರೀಲಿನ ಡಬ್ಬಿಗಳಿದ್ದರೆ ಗುಜರಿಯವರ ಗಾಡಿಗೆ ಹಾಕುವ ಮೊದಲು ಮುಚ್ಚಳದ ಮೇಲಿನ ಹೆಸರನ್ನೂ ರೀಲಿನ ಸಂಖ್ಯೆಯನ್ನೂ ಬರೆದುಕೊಂಡು, ಬಿಸಿಲು ತಾಗದ ಜಾಗದಲ್ಲಿಟ್ಟು, ಅಕಾಡೆಮಿಗಾಗಲಿ ಪುಣೆಯ ರಾಷ್ಟ್ರೀಯ ಚಲನಚಿತ್ರ ಸಂಗ್ರಹಾಲಯಕ್ಕಾಗಲಿ ಒಂದು ಪತ್ರ ಬರೆಯಿರಿ. ಬರೆಯಲು ತೊಂದರೆಯಾದರೆ ನಿಮ್ಮ ಊರಿನ ಕಾಲೇಜಿನ ಕನ್ನಡ ವಿಭಾಗದವರು ಬರೆದುಕೊಡುತ್ತಾರೆ. ರಾಯಚೂರು ತಾಲ್ಲೂಕಿನ ಮಟ್ಟಿಗೆ ಆ ಕೆಲಸವನ್ನು ನಾನೇ ಮಾಡಿಕೊಡಲು ಸಿದ್ಧನಿದ್ದೇನೆ.

ಇಂತಿ ತಮ್ಮ ವಿಶ್ವಾಸಿ,
ನಿವೃತ್ತ ಕನ್ನಡ ಉಪನ್ಯಾಸಕ, ರಾಯಚೂರು